ಲಾ ಹೋಯಾ ಕೋವ್‌ನಲ್ಲಿ ಈಜು, ಸ್ನಾರ್ಕೆಲಿಂಗ್, ಡೈವಿಂಗ್: ನೀರಿಗೆ ಇಳಿಯುವವರಿಗೆ ಪೂರ್ತಿ ಮಾರ್ಗದರ್ಶಿ

ಸ್ಯಾನ್ ಡಿಯಾಗೋಗೆ ಹೋದವರಲ್ಲಿ ಹೆಚ್ಚಿನವರು ಲಾ ಹೋಯಾ ಕೋವ್ ಎಂಬ ಪುಟ್ಟ ಕೊಲ್ಲಿಯ ದಿಬ್ಬದ ಮೇಲೆ ನಿಂತು ನಾಲ್ಕು ಫೋಟೋ ತೆಗೆದು, ಸೀ ಲಯನ್ ಎಂಬ ಕಡಲ ಪ್ರಾಣಿಗಳ ವಾಸನೆಗೆ ಮೂಗು ಮುಚ್ಚಿಕೊಂಡು ಕಾರು ಹತ್ತಿಬಿಡುತ್ತಾರೆ. ಚೆಂದ ಇರೋದು ನೀರಿನ ಕೆಳಗೆ. ಈ ಬರಹ ಮೆಟ್ಟಿಲಿಳಿದು ನೀರಿಗೆ ಹೋಗುವ ಮನಸ್ಸಿರುವವರಿಗೆ. ನಿಮಗೆ ಸ್ವಲ್ಪ ಈಜು ಬರುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಇದ್ದೀರಿ ಅಥವಾ ಅಲ್ಲಿಗೆ ಹೋಗುವವರಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಜಾಗ ತುಂಬಾ ಚಿಕ್ಕದು. ಮರಳುಗಲ್ಲಿನ ಎತ್ತರದ ದಿಬ್ಬಗಳ ನಡುವೆ ಸಿಕ್ಕಿಕೊಂಡ ಒಂದು ತುಂಡು ಮರಳು, ಅಷ್ಟೇ. ಮಲ್ಪೆಯನ್ನೋ ಕಾರವಾರವನ್ನೋ ನೋಡಿದವರು "ಇಷ್ಟೇನಾ ಬೀಚು?" ಅಂತ ಕೇಳಬಹುದು. ಆದರೆ ಇಲ್ಲಿ ಒಂದು ವಿಶೇಷ ಇದೆ. ಪೆಸಿಫಿಕ್ ಕರಾವಳಿಯ ಬಹುತೇಕ ಬೀಚುಗಳು ಪಶ್ಚಿಮಕ್ಕೆ ಮುಖ ಮಾಡಿದ್ದರೆ ಈ ಕೋವ್ ಉತ್ತರಕ್ಕೆ ಮುಖ ಮಾಡಿದೆ. ಬೇಸಿಗೆಯಲ್ಲಿ ದಕ್ಷಿಣದಿಂದ ಬರುವ ಅಲೆಗಳಿಗೆ ಗುಡ್ಡ ಅಡ್ಡ ನಿಲ್ಲುತ್ತದೆ, ಹಾಗಾಗಿ ಒಳಗೆ ನೀರು ಅಲುಗಾಡದೆ ಶಾಂತವಾಗಿ ಕೂತಿರುತ್ತದೆ. ಚಳಿಗಾಲದಲ್ಲಿ ಅಲೆ ವಾಯವ್ಯದಿಂದ ಬರುತ್ತದೆ. ಆಗ ಇದೇ ಕೋವ್ ಬೇರೆಯೇ ಜಾಗ. ಗುಡ್ಡದ ಆಸರೆ ಎಲ್ಲ ಅಲೆಗೂ ಅಲ್ಲ ಅನ್ನೋದು ತಲೆಯಲ್ಲಿರಲಿ. ಮುಂದೆ ಹೇಳುವ ಅರ್ಧ ವಿಷಯ ಇದರಿಂದಲೇ ಹುಟ್ಟುತ್ತದೆ.

ಮೊದಲು ತಿಂಗಳು ಆರಿಸಿ

ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆಗ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಕೆಲವು ವರ್ಷ 22ರವರೆಗೂ ಏರುತ್ತದೆ. ನೀರು ತಿಳಿಯಾಗಿರುತ್ತದೆ, ಒಳ್ಳೆಯ ದಿನ ಸಿಕ್ಕರೆ 30 ಅಡಿಗಿಂತ ದೂರ ಕಾಣುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಶಾಲೆಗಳು ಶುರುವಾಗಿರುವುದರಿಂದ ವಾರದ ದಿನಗಳಲ್ಲಿ ಜನವೂ ಕಡಿಮೆ.

ಮೇ, ಜೂನ್‌ನಲ್ಲಿ ಹೋದರೆ ಬೇಸರ ಆಗಬಹುದು. ಆ ಎರಡು ತಿಂಗಳು ಕಡಲಿನಿಂದ ಮೋಡ ಎದ್ದು ಮಧ್ಯಾಹ್ನದವರೆಗೂ ದಡದ ಮೇಲೆ ಕವುಚಿಕೊಂಡಿರುತ್ತದೆ. ಊರವರು ಇದಕ್ಕೆ ಮೇ ಗ್ರೇ, ಜೂನ್ ಗ್ಲೂಮ್ ಅಂತಾರೆ. ಬಿಸಿಲಿಲ್ಲದೆ ನೀರಿನ ಬಣ್ಣವೇ ಕಾಣೋದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರು 14 ಡಿಗ್ರಿಗೆ ಇಳಿಯುತ್ತದೆ. ಅಲೆ ಇಲ್ಲದ ಚಳಿಗಾಲದ ದಿನಗಳಲ್ಲಿ ನೀರು ಎಷ್ಟೋ ಸಲ ಗಾಜಿನಷ್ಟು ತಿಳಿಯಾಗಿರುತ್ತದೆ ನಿಜ, ಆದರೆ ಅಂಥ ದಿನ ಹಿಡಿಯಲು ನೀವು ಆ ಊರಿನಲ್ಲೇ ಇರಬೇಕು. ಎರಡು ದಿನದ ಟ್ರಿಪ್‌ಗೆ ಹೋದವರು ಅದನ್ನು ನಂಬಬೇಡಿ.

ಹಿಂದಿನ ರಾತ್ರಿ ನೋಡಬೇಕಾದದ್ದು

ಮೊದಲನೆಯದು ಅಲೆ. ಸರ್ಫ್ ರಿಪೋರ್ಟ್, ಅಂದರೆ ಅಲೆಗಳ ಮುನ್ಸೂಚನೆ, ಯಾವ ಆ್ಯಪ್‌ನಲ್ಲಿ ಬೇಕಾದರೂ ಸಿಗುತ್ತದೆ. ಅಲೆ ಎಷ್ಟು ಅಡಿ ಅಂತ ಮಾತ್ರ ನೋಡಿ ಮುಚ್ಚಬೇಡಿ, ಯಾವ ದಿಕ್ಕಿನದು ಅಂತಲೂ ನೋಡಿ. ದಕ್ಷಿಣದ ಮೂರು ಅಡಿ ಅಲೆ ಕೋವ್‌ಗೆ ತಟ್ಟುವುದೇ ಕಡಿಮೆ. ಅದೇ ಮೂರು ಅಡಿ ವಾಯವ್ಯದಿಂದ ಬಂದರೆ ಮೆಟ್ಟಿಲ ಬುಡದಲ್ಲೇ ನೊರೆ ಏಳುತ್ತದೆ.

ಎರಡನೆಯದು ಉಬ್ಬರ ಇಳಿತ. ದೊಡ್ಡ ಉಬ್ಬರದಲ್ಲಿ ಇಲ್ಲಿನ ಮರಳು ಹೆಚ್ಚುಕಡಿಮೆ ಮಾಯವಾಗುತ್ತದೆ, ಬ್ಯಾಗ್ ಇಡಲೂ ಜಾಗ ಇರೋದಿಲ್ಲ. ಪೂರ್ತಿ ಇಳಿತದಲ್ಲಿ ಬಂಡೆಗಳು ಮೇಲೆದ್ದು ಕಾಲಿಗೆ ತಗುಲುತ್ತವೆ. ನಡುವಿನ ಹೊತ್ತು ಒಳ್ಳೆಯದು.

ಮೂರನೆಯದು ಮಳೆ. ಸ್ಯಾನ್ ಡಿಯಾಗೋದಲ್ಲಿ ಮಳೆ ಅಪರೂಪ. ಅದಕ್ಕೇ ಬಂದಾಗ ರಸ್ತೆಯ ಕೊಳೆಯನ್ನೆಲ್ಲ ಒಂದೇ ಸಲ ಕಡಲಿಗೆ ತಳ್ಳುತ್ತದೆ. ಮಳೆ ನಿಂತು 72 ಗಂಟೆ ಆಗುವವರೆಗೆ ನೀರಿಗೆ ಇಳಿಯಬೇಡಿ ಅಂತ ಕೌಂಟಿಯವರೇ (ಅಲ್ಲಿನ ಸ್ಥಳೀಯ ಆಡಳಿತ) ಹೇಳುತ್ತಾರೆ. ಕಿವಿ, ಹೊಟ್ಟೆ ಎರಡೂ ಕೆಡುತ್ತವೆ. ಈ ಮಾತನ್ನು ಸುಮ್ನೆ ತೆಗೆದುಹಾಕಬೇಡಿ.

ಹೋಗೋದು, ಗಾಡಿ ನಿಲ್ಲಿಸೋದು

ಲಾಸ್ ಏಂಜಲೀಸ್‌ನಿಂದ ಟ್ರಾಫಿಕ್ ಇಲ್ಲದಿದ್ದರೆ ಎರಡು ಗಂಟೆಯ ದಾರಿ, ಇದ್ದರೆ ದೇವರೇ ಗತಿ. ಸ್ಯಾನ್ ಡಿಯಾಗೋ ವಿಮಾನ ನಿಲ್ದಾಣದಿಂದ ಸುಮಾರು 20 ಕಿಲೋಮೀಟರ್. ಜಿಪಿಎಸ್‌ನಲ್ಲಿ ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಪಾರ್ಕ್ ಅಂತ ಹಾಕಿ. ಕೋವ್ ಆ ಪಾರ್ಕಿನ ಪಕ್ಕದಲ್ಲೇ, ಕೋಸ್ಟ್ ಬುಲೆವಾರ್ಡ್ ಮೇಲೆ ಇದೆ.

ಇಡೀ ಟ್ರಿಪ್‌ನಲ್ಲಿ ತಲೆನೋವು ಅಂದರೆ ಪಾರ್ಕಿಂಗ್. ಬೆಳಿಗ್ಗೆ 8ಕ್ಕೆ ಮುಂಚೆ ಹೋದರೆ ಪಾರ್ಕಿನ ಎದುರೇ ಜಾಗ ಸಿಗಬಹುದು. ಶನಿವಾರ ಹನ್ನೊಂದಕ್ಕೆ ಹೋದರೆ ಅದೇ ರಸ್ತೆ ಸುತ್ತಿ ಸುತ್ತಿ, ಕೊನೆಗೆ ಮೇಲಿನ ಪ್ರಾಸ್ಪೆಕ್ಟ್ ಸ್ಟ್ರೀಟ್ ಕಡೆ ದುಡ್ಡು ಕೊಟ್ಟು ಗ್ಯಾರೇಜಿನಲ್ಲಿ ನಿಲ್ಲಿಸಬೇಕಾಗುತ್ತದೆ. ರಸ್ತೆ ಬದಿಯ ಬೋರ್ಡಿನಲ್ಲಿ ಎಷ್ಟು ಗಂಟೆ ಮಿತಿ ಅಂತ ಬರೆದಿರುತ್ತಾರೆ, ಓದಿಯೇ ಇಳಿಯಿರಿ. ಕಾರಿಲ್ಲದವರು ಓಲ್ಡ್ ಟೌನ್‌ನಿಂದ 30ನೇ ನಂಬರಿನ ಬಸ್ ಹಿಡಿದು ಲಾ ಹೋಯಾ ವಿಲೇಜ್‌ನಲ್ಲಿ ಇಳಿದರೆ ಸ್ವಲ್ಪ ನಡಿಗೆ, ಅಷ್ಟೆ. ಕಾರಿನ ಗಾಜಿನೊಳಗೆ ಪರ್ಸು, ಲ್ಯಾಪ್‌ಟಾಪ್ ಕಾಣುವ ಹಾಗೆ ಇಡಬೇಡಿ.

ಏನೇನು ಬೇಕು

ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ನಮ್ಮ ಕರಾವಳಿಯ ನೀರು ವರ್ಷವಿಡೀ ಬೆಚ್ಚಗಿರುತ್ತದೆ, 27–28 ಡಿಗ್ರಿ ಅಂದರೆ ಅಲ್ಲಿ ಮಾಮೂಲು. ಹಾಗಾಗಿ ಕಡಲು ತಣ್ಣಗಿರುತ್ತದೆ ಎಂಬ ವಿಷಯವೇ ನಮ್ಮ ಮೈಗೆ ಗೊತ್ತಿಲ್ಲ. 18 ಡಿಗ್ರಿ ನೀರಿಗೆ ಟೀ ಶರ್ಟಿನಲ್ಲಿ ಧುಮುಕಿದರೆ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗೋದಿಲ್ಲ. ಎದೆ ಬಿಗಿದು ಏದುಸಿರು ಬರುತ್ತದೆ. ಚೆನ್ನಾಗಿ ಈಜುವವರೂ ನೀರು ಕುಡಿಯುವುದು ಆ ಹೊತ್ತಿನಲ್ಲೇ. ಬಾವಿಯಲ್ಲಿ ಈಜಿದ್ದೇನೆ, ನದಿ ದಾಟಿದ್ದೇನೆ ಅನ್ನೋರಿಗೂ ಇದು ಅನ್ವಯಿಸುತ್ತದೆ.

ಬೇಸಿಗೆಯಲ್ಲಿ ಸ್ನಾರ್ಕೆಲಿಂಗ್‌ಗೆ (ಮೇಲೆ ತೇಲುತ್ತಾ ಕೊಳವೆಯಿಂದ ಉಸಿರಾಡಿ ಕೆಳಗೆ ನೋಡೋದು) 3/2 ಅಂತ ಕರೆಯುವ ಸೂಟ್ ಸಾಕು. ಅಂದರೆ ಮೈ ಕಡೆ 3 ಮಿಲಿಮೀಟರ್, ಕೈಕಾಲಿಗೆ 2. ಚಳಿಗಾಲಕ್ಕೆ ಇನ್ನೂ ದಪ್ಪದ್ದು ಬೇಕು. ಬಾಡಿಗೆಗೆ ಸಿಗುತ್ತದೆ. ಹಾಕಿ ನೋಡಿಯೇ ತನ್ನಿ, ಬಿಗಿಯಾಗಿದ್ದರೇ ಸರಿ. ಸಡಿಲ ಸೂಟ್‌ನೊಳಗೆ ತಣ್ಣೀರು ಓಡಾಡುತ್ತಿದ್ದರೆ ಹಾಕಿಯೂ ಪ್ರಯೋಜನ ಇಲ್ಲ. ಸೂಟ್ ತೇಲಲೂ ನೆರವಾಗುತ್ತದೆ, ಅದು ಇನ್ನೊಂದು ಲಾಭ. ಜೀನ್ಸ್, ಚೂಡಿದಾರ್, ಸೀರೆಯಲ್ಲಿ ನೀರಿಗೆ ಇಳಿಯಲೇಬೇಡಿ. ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಣ್ಣು ಮೂಗು ಮುಚ್ಚುವ ಮಾಸ್ಕ್, ಉಸಿರಾಡುವ ಕೊಳವೆ ಸ್ನಾರ್ಕೆಲ್, ಕಾಲಿಗೆ ಹಾಕುವ ರೆಕ್ಕೆ ಫಿನ್ಸ್ ಬಾಡಿಗೆಗೆ ಸಿಗುತ್ತವೆ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಇಷ್ಟು ದೂರ ಹೋಗಿ ಮಸುಕು ಮಸುಕಾಗಿ ಮೀನು ನೋಡಿ ಬರೋದು ಯಾಕೆ? ಮೀಸೆ ಇದ್ದವರಿಗೆ ಮಾಸ್ಕ್ ಒಳಗೆ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಸ್ವಲ್ಪ ಕತ್ತರಿಸಿಕೊಳ್ಳಿ, ಮನಸ್ಸು ಬರದಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಿ. ಗಾಜಿಗೆ ಮಂಜು ಕಟ್ಟದಿರಲು ಬೇಬಿ ಶಾಂಪೂ ಒಂದು ತೊಟ್ಟು ಸವರಿ ತೊಳೆಯಿರಿ.

ಇನ್ನು ತರಬಾರದ್ದು. ಸರ್ಫ್‌ಬೋರ್ಡ್, ಬೂಗಿ ಬೋರ್ಡ್, ಗಾಳಿ ತುಂಬುವ ಟ್ಯೂಬು ಇವಕ್ಕೆ ಕೋವ್‌ನಲ್ಲಿ ಅವಕಾಶ ಇಲ್ಲ. ತೇಲಲು ಹಾಕುವ ಸ್ನಾರ್ಕೆಲ್ ವೆಸ್ಟ್ ಬೇಕಿದ್ದರೆ ಲೈಫ್‌ಗಾರ್ಡ್ ಹತ್ತಿರ ಕೇಳಿಯೇ ಬಳಸಿ. ಗಾಜಿನ ಬಾಟಲಿ, ಮದ್ಯ, ಸಿಗರೇಟು ಮೂರೂ ಇಲ್ಲಿನ ಬೀಚುಗಳಲ್ಲಿ ನಿಷೇಧ.

ಇಳಿಯುವ ಮುಂಚೆ ಮೇಲೆ ನಿಂತು ನೋಡಿ

ಮೆಟ್ಟಿಲ ಮೇಲಿನ ಕಟಕಟೆಯ ಹತ್ತಿರ ಹತ್ತು ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಕಡಲು ಮಲಗಿದ ಹಾಗೆ ಇರುತ್ತದೆ. ಎರಡೇ ನಿಮಿಷ ನೋಡಿದರೆ ಆ ಮಲಗಿದ ಹೊತ್ತನ್ನೇ ನೋಡಿ ಮೋಸ ಹೋಗುತ್ತೀರಿ. ಜನ ಎಲ್ಲಿಂದ ಇಳಿಯುತ್ತಿದ್ದಾರೆ, ಎಲ್ಲಿಂದ ಹತ್ತುತ್ತಿದ್ದಾರೆ, ಸೀ ಲಯನ್‌ಗಳು ಎಲ್ಲಿ ಮಲಗಿವೆ, ಎಲ್ಲ ಗಮನಿಸಿ.

ಆಮೇಲೆ ಲೈಫ್‌ಗಾರ್ಡ್ ಟವರ್‌ಗೆ ಹೋಗಿ ಮಾತಾಡಿ. ವರ್ಷವಿಡೀ ಹಗಲು ಹೊತ್ತು ಅವರು ಅಲ್ಲಿರುತ್ತಾರೆ. "ಇವತ್ತು ನೀರು ಹೇಗಿದೆ? ನಾವು ಹೊಸಬರು" ಅಂದರೆ ಸಾಕು, ಎಲ್ಲಿಗೆ ಹೋಗಿ ಎಲ್ಲಿಗೆ ಹೋಗಬೇಡಿ ಅಂತ ಕೈ ತೋರಿಸಿ ಹೇಳುತ್ತಾರೆ. ನಮ್ಮವರಿಗೆ ಹೀಗೆ ಕೇಳಲು ಯಾಕೋ ಸಂಕೋಚ. ಯಾವ ಆ್ಯಪ್‌ಗಿಂತಲೂ ಅವರ ಮಾತು ನಂಬಿಕೆಗೆ ತಕ್ಕದ್ದು. ಅವರು ಬೇಡ ಅಂದರೆ ಬೇಡ. ಕೋವ್‌ನಿಂದ ಈಜಿದರೆ ಒಂದು ಮೈಲಿ ಆಚೆ ಲಾ ಹೋಯಾ ಶೋರ್ಸ್ ಎಂಬ ಉದ್ದನೆಯ ಮರಳ ದಂಡೆ ಇದೆ, ಅಲ್ಲಿ ಕೇಳಿ ನೋಡಿ. ಆದರೆ ವಾಯವ್ಯದ ಅಲೆ ಜೋರಿದ್ದರೆ ಅಲ್ಲೂ ಜೋರಾಗಿಯೇ ಇರುತ್ತದೆ. ಅಂಥ ದಿನ ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆಯ ಬರ್ಚ್ ಅಕ್ವೇರಿಯಂಗೆ ಹೋಗಿ, ಅದೇ ಮೀನುಗಳನ್ನು ಒಣ ಬಟ್ಟೆಯಲ್ಲಿ ನಿಂತು ನೋಡಿ.

ನೀರಿಗೆ ಇಳಿಯುವ ಕ್ರಮ

ಒಬ್ಬರೇ ಇಳಿಯಬೇಡಿ, ಜೊತೆ ಇರಲಿ. ಮರಳಿನ ಭಾಗದಿಂದಲೇ ಇಳಿಯಿರಿ, ಪಾಚಿ ಕಟ್ಟಿದ ಬಂಡೆಯ ಮೇಲಿಂದ ಹಾರಬೇಡಿ. ಸೊಂಟದ ಆಳಕ್ಕೆ ಹೋಗಿ ನಿಂತು ಮುಖಕ್ಕೆ, ಕತ್ತಿಗೆ ನೀರು ಎರಚಿಕೊಳ್ಳಿ. ಉಸಿರು ಸಮವಾಗುವವರೆಗೆ ಅಲ್ಲೇ ಇರಿ. ಆಮೇಲೆ ಫಿನ್ಸ್ ಹಾಕಿಕೊಂಡು ಮುಖ ಕೆಳಗೆ ಮಾಡಿ ತೇಲಿ.

ಇಲ್ಲಿ ನಿಮಗೆ ಹೊಸದಾಗಿ ಕಾಣುವುದು ನೀರಿನ ತೂಗಾಟ, ಸರ್ಜ್ ಅಂತಾರೆ. ಉಯ್ಯಾಲೆಯ ಹಾಗೆ ನೀರು ನಿಮ್ಮನ್ನು ಹತ್ತು ಅಡಿ ಮುಂದೆ ಒಯ್ದು, ಮತ್ತೆ ಹತ್ತು ಅಡಿ ಹಿಂದೆ ತರುತ್ತದೆ. ಅದರ ಎದುರು ಕಾಲು ಬಡಿಯಬೇಡಿ, ಸುಸ್ತಾಗುತ್ತೀರಿ. ಹಿಂದಕ್ಕೆ ಎಳೆಯುವಾಗ ಸುಮ್ಮನಿರಿ, ಮುಂದಕ್ಕೆ ತಳ್ಳುವಾಗ ಒದೆಯಿರಿ. ಬಂಡೆಯ ಗೋಡೆಗಳಿಂದ ಮಾತ್ರ ದೂರ ಇರಬೇಕು, ಯಾಕೆಂದರೆ ಅದೇ ತೂಗಾಟ ನಿಮ್ಮನ್ನು ಬಂಡೆಗೆ ಉಜ್ಜಿಬಿಡುತ್ತದೆ. ಪಕ್ಕದಲ್ಲಿ ಏಳು ಕಡಲ ಗುಹೆಗಳಿವೆ. ನೋಡಿದರೆ ಒಳಗೆ ಈಜಿ ಹೋಗುವ ಆಸೆ ಆಗುತ್ತದೆ. ಹೋಗಬೇಡಿ. ಒಳಗೆ ಅಲೆ ಎತ್ತಿ ಹಾಕುತ್ತದೆ, ಮೇಲಿಂದ ಕಲ್ಲು ಬೀಳುವುದೂ ಉಂಟು. ಗುಹೆ ನೋಡಲೇಬೇಕಿದ್ದರೆ ಸನ್ನಿ ಜಿಮ್ ಗುಹೆಗೆ ನೆಲದ ಮೇಲಿಂದಲೇ ದಾರಿ ಇದೆ. 1900ರ ದಶಕದ ಆರಂಭದಲ್ಲಿ ಕೈಯಿಂದ ಕೊರೆದ ಸುರಂಗ ಅದು. ಕೇವ್ ಸ್ಟೋರ್ ಅನ್ನುವ ಅಂಗಡಿಯೊಳಗಿಂದ ಟಿಕೆಟ್ ತೆಗೆದು 145 ಮೆಟ್ಟಿಲು ಇಳಿಯಬೇಕು. ಇಳಿಯೋದು ಸುಲಭ, ಹತ್ತೋದು ಮಂಡಿ ನೋವಿನವರಿಗೆ ಕಷ್ಟ.

ಕೆಳಗೆ ಏನಿದೆ

ಮೊದಲು ಕಣ್ಣಿಗೆ ಬೀಳೋದು ಗ್ಯಾರಿಬಾಲ್ಡಿ. ಅಚ್ಚ ಕಿತ್ತಳೆ ಬಣ್ಣದ ಮೀನು, ಒಂದು ಅಡಿಗೂ ಉದ್ದ ಬೆಳೆಯುತ್ತದೆ. 1995ರಿಂದ ಇದು ಕ್ಯಾಲಿಫೋರ್ನಿಯಾದ ರಾಜ್ಯ ಕಡಲ ಮೀನು, ಹಿಡಿಯುವಂತಿಲ್ಲ. ಹಿಡಿಯುವವರಿಲ್ಲದ ಕಾರಣ ಅದಕ್ಕೆ ಹೆದರಿಕೆಯೂ ಇಲ್ಲ, ಮಾಸ್ಕ್ ಹತ್ತಿರವೇ ಬರುತ್ತದೆ. ಗಂಡು ಮೀನು ಕೆಂಪು ಪಾಚಿಯ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಗೂಡಿನ ಹತ್ತಿರ ಹೋದರೆ ನಿಮ್ಮನ್ನೇ ಅಟ್ಟಿಸಿಕೊಂಡು ಬರುತ್ತದೆ, ಗಾತ್ರದಲ್ಲಿ ನೀವು ದೊಡ್ಡವರು ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೈಮೇಲೆ ಹೊಳೆಯುವ ನೀಲಿ ಚುಕ್ಕಿ ಇರುವ ಪುಟ್ಟ ಕಿತ್ತಳೆ ಮೀನು ಕಂಡರೆ ಅದು ಗ್ಯಾರಿಬಾಲ್ಡಿಯ ಮರಿ.

ಸ್ವಲ್ಪ ಆಚೆ ಹೋದರೆ ಕೆಲ್ಪ್ ಕಾಡು. ಇದು ದೈತ್ಯ ಕಡಲಪಾಚಿ. ಅನುಕೂಲ ಇದ್ದರೆ ದಿನಕ್ಕೆ ಎರಡು ಅಡಿಯವರೆಗೂ ಬೆಳೆಯುತ್ತದೆ. ತಳದಿಂದ ಎದ್ದು ಮೇಲಕ್ಕೆ ಬಂದು ಹರಡಿಕೊಳ್ಳುತ್ತದೆ, ಎಲೆಗಳ ಸಂದಿಯಲ್ಲಿ ಬಿಸಿಲು ಇಳಿಯುವಾಗ ಕೆಳಗಿನಿಂದ ನೋಡಬೇಕು. ಕೈಕಾಲಿಗೆ ಸುತ್ತಿಕೊಂಡರೆ ಗಾಬರಿಯಾಗಿ ಗಿರಗಿರ ತಿರುಗಬೇಡಿ, ತಿರುಗಿದಷ್ಟೂ ಸುತ್ತುತ್ತದೆ. ನಿಂತು, ದಂಟನ್ನು ಮಡಚಿ ಲಟಕ್ ಅಂತ ಮುರಿಯಿರಿ. ಸುಲಭವಾಗಿ ಮುರಿಯುತ್ತದೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದವರು ಶೋರ್ಸ್ ಬೀಚಿನ ದಕ್ಷಿಣ ತುದಿಗೂ ಹೋಗಿಬನ್ನಿ. ಎದೆಮಟ್ಟದ ನೀರಿನಲ್ಲೇ ಚುಕ್ಕೆ ಪಟ್ಟೆಯ ಲೆಪರ್ಡ್ ಶಾರ್ಕ್‌ಗಳು ಗುಂಪುಗುಂಪಾಗಿ ತಿರುಗುತ್ತಿರುತ್ತವೆ. ಹೆಚ್ಚಿನವು ಬಸುರಿಯರು, ಬೆಚ್ಚಗಿನ ನೀರು ಹುಡುಕಿ ಬಂದವು. ಶಾರ್ಕ್ ಅನ್ನೋ ಹೆಸರಿಗೆ ಹೆದರಬೇಡಿ, ಮನುಷ್ಯರ ತಂಟೆಗೆ ಬರೋದಿಲ್ಲ. ಅಲ್ಲಿ ಹೆದರಬೇಕಾದದ್ದು ಮರಳಿನಡಿ ಮಲಗಿರುವ ತೊರಕೆ ಮೀನಿಗೆ (ಸ್ಟಿಂಗ್‌ರೇ). ಹೆಜ್ಜೆ ಎತ್ತಿ ಇಡದೆ ಕಾಲನ್ನು ಮರಳಿನಲ್ಲಿ ಎಳೆದುಕೊಂಡು ನಡೆದರೆ ಅದು ತಾನಾಗಿ ಸರಿದು ಹೋಗುತ್ತದೆ. ತುಳಿದು ಬಾಲದ ಮುಳ್ಳು ಚುಚ್ಚಿದರೆ ಜೀವ ಹೋಗುವಂಥ ನೋವು. ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟುಕೊಳ್ಳುವುದೇ ಮದ್ದು. ಲೈಫ್‌ಗಾರ್ಡ್ ಟವರ್‌ನಲ್ಲಿ ಕೇಳಿ, ಅವರಿಗೆ ಇದು ದಿನನಿತ್ಯದ ಕೆಲಸ.

ಕೋವ್‌ನ ನೀರು 1971ರಿಂದಲೇ ಸಂರಕ್ಷಿತ. 2012ರಿಂದ ಮತ್ಲಾವಾಯ್ಲ್ ಮೀಸಲು ಪ್ರದೇಶ ಎಂಬ ಹೆಸರಿನಲ್ಲಿ ಇನ್ನೂ ಬಿಗಿಯಾದ ರಾಜ್ಯದ ಕಾನೂನು ಇದೆ. ಮೀನು ಹಿಡಿಯುವಂತಿಲ್ಲ, ಚಿಪ್ಪು ಕೂಡ ಹೆಕ್ಕುವಂತಿಲ್ಲ. ಮಕ್ಕಳ ಜೇಬನ್ನು ಒಮ್ಮೆ ನೋಡಿ.

ಸೀ ಲಯನ್‌ಗಳ ವಿಷಯ

ಇವು ಇಲ್ಲಿನ ಯಜಮಾನರು. ಗಂಡು 300 ಕಿಲೋ ದಾಟುತ್ತದೆ. ಬೇಸಿಗೆಯಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಮರಿ ಹಾಕುವ ಮತ್ತು ಜೋಡಿಯಾಗುವ ಕಾಲ. ಆಗ ಗಂಡುಗಳು ಮರಳಿನ ಮೇಲೂ ಜನರನ್ನು ಓಡಿಸುತ್ತವೆ. ಸೆಲ್ಫಿ ತೆಗೆಯಲು ಬೆನ್ನು ಹಾಕಿ ನಿಂತವರನ್ನು ನೋಡಿದರೆ ನನಗಂತೂ ಎದೆ ಝಲ್ ಅನ್ನುತ್ತದೆ. 50 ಗಜ ದೂರ ಇರಿ ಅಂತ ಸರ್ಕಾರದ ಸಲಹೆ. ಇಷ್ಟು ಚಿಕ್ಕ ಕೋವ್‌ನಲ್ಲಿ ಅದು ಯಾವಾಗಲೂ ಆಗದ ಮಾತು, ಆದರೆ ನೀವಾಗಿ ಹತ್ತಿರ ಹೋಗಬೇಡಿ. ಮುಟ್ಟೋದು, ಊಟ ಹಾಕೋದು, ಕೆಣಕೋದು 1972ರ ಕಡಲ ಸಸ್ತನಿ ಕಾನೂನಿನ ಪ್ರಕಾರ ಅಪರಾಧ. ನೀರಿನಲ್ಲಿ ಮರಿಗಳು ತಾವಾಗೇ ಸುತ್ತ ಸುತ್ತಿ ಆಟವಾಡಲು ಬಂದರೆ ಕೈ ಮಡಚಿಕೊಂಡು ತೇಲುತ್ತಾ ನೋಡಿ. ಕೈ ಚಾಚಬೇಡಿ. ಪಕ್ಕದ ಪಾಯಿಂಟ್ ಲಾ ಹೋಯಾ ಬಂಡೆಗಳನ್ನು ಅವುಗಳಿಗಾಗಿಯೇ ಮುಚ್ಚಿದ್ದಾರೆ, ಬೋರ್ಡು ದಾಟಬೇಡಿ.

ಸ್ವಲ್ಪ ದೂರದ ಚಿಲ್ಡ್ರನ್ಸ್ ಪೂಲ್‌ನಲ್ಲಿ ಇರುವುದು ಸೀಲ್‌ಗಳು. ಕಿವಿಯ ಆಲಿಕೆ ಕಂಡು, ಬೊಗಳುತ್ತಾ, ರೆಕ್ಕೆ ಊರಿ ನಡೆದರೆ ಸೀ ಲಯನ್. ಕಿವಿ ಕಾಣದೆ ಹೊಟ್ಟೆ ಎಳೆಯುತ್ತಾ ಹೋದರೆ ಸೀಲ್. ಹೆಸರು ನೋಡಿ ಮಕ್ಕಳನ್ನು ಈಜಿಸಲು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಆ ತಡೆಗೋಡೆಯನ್ನು 1931ರಲ್ಲಿ ಮಕ್ಕಳಿಗಾಗಿಯೇ ಕಟ್ಟಿಸಿದ್ದು ನಿಜ, ಈಗ ಮಾತ್ರ ಅದು ಸೀಲ್‌ಗಳ ಹೆರಿಗೆ ಮನೆ. ಡಿಸೆಂಬರ್ 15ರಿಂದ ಮೇ 15ರವರೆಗೆ ಆ ಮರಳಿಗೆ ಜನ ಇಳಿಯುವಂತೆಯೇ ಇಲ್ಲ.

ಸ್ಕೂಬಾ ಮಾಡುವವರಿಗೆ

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಂದು ಡೈವ್ ಮಾಡಿದ್ದೇನೆ, ಇಲ್ಲೂ ಆಗುತ್ತಲ್ವಾ ಅಂತ ಕೇಳುವವರಿದ್ದಾರೆ. ಆಗೋದಿಲ್ಲ. ಅಲ್ಲಿ ನೀವು ಮಾಡಿದ್ದು ಇನ್‌ಸ್ಟ್ರಕ್ಟರ್ ಕೈ ಹಿಡಿದು ಒಯ್ಯುವ ಪರಿಚಯದ ಡೈವ್. ಇಲ್ಲಿ ಸ್ವಂತವಾಗಿ ಗಾಳಿಯ ಟ್ಯಾಂಕ್ ಬಾಡಿಗೆಗೆ ತೆಗೆಯಲು ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಸರ್ಟಿಫಿಕೇಟ್ ಕಾರ್ಡ್ ಬೇಕು. ಅಂಡಮಾನಿನಲ್ಲೋ ನೇತ್ರಾಣಿಯಲ್ಲೋ ಪೂರ್ತಿ ಕೋರ್ಸ್ ಮಾಡಿ ಪ್ಯಾಡಿ ಅಥವಾ ಎಸ್‌ಎಸ್‌ಐ ಎಂಬ ಡೈವಿಂಗ್ ಸಂಸ್ಥೆಗಳ ಕಾರ್ಡ್ ಪಡೆದಿದ್ದರೆ ಅದು ಇಲ್ಲೂ ನಡೆಯುತ್ತದೆ.

ಕಾರ್ಡ್ ಇದ್ದರೂ ಮೊದಲ ಸಲ ಊರಿನ ಗೈಡ್ ಜೊತೆಗೇ ಹೋಗಿ. ಬೆಚ್ಚಗಿನ ನೀರಿನಲ್ಲಿ ಕಲಿತವರಿಗೆ ಇಲ್ಲಿ ಹಲವು ವಿಷಯ ಹೊಸದು. 7 ಮಿಲಿಮೀಟರ್ ಸೂಟ್, ತಲೆಗೆ ಹುಡ್, ಕೈಗೆ ಗ್ಲೌಸ್. ಸೂಟ್ ದಪ್ಪ ಆದಷ್ಟೂ ತೇಲುತ್ತದೆ, ಹಾಗಾಗಿ ಅಂಡಮಾನಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡಷ್ಟೇ ಸೀಸದ ತೂಕ ಕಟ್ಟಿದರೆ ಮುಳುಗುವುದೇ ಇಲ್ಲ. ಮುಳುಗುವ ಮುಂಚೆ ನೀರಿನ ಮೇಲೆಯೇ ತೂಕ ಪರೀಕ್ಷೆ ಮಾಡಿಕೊಳ್ಳಿ. ಇಲ್ಲಿ ದೋಣಿಯಿಂದ ಬೀಳುವ ಸುಖವೂ ಇಲ್ಲ. ಟ್ಯಾಂಕ್, ಸೀಸ ಎಲ್ಲ ಹೊತ್ತು ಮೆಟ್ಟಿಲಿಳಿದು, ಅಲೆ ದಾಟಿ, ಮೇಲೆಯೇ ಈಜಿಕೊಂಡು ಹೋಗಿ ಆಮೇಲೆ ಮುಳುಗಬೇಕು. ಮುಗಿದ ಮೇಲೆ ಅದೇ ಮೆಟ್ಟಿಲು ಹತ್ತಬೇಕು! ಗಾಳಿಯನ್ನು ಸ್ವಲ್ಪ ಹೆಚ್ಚೇ ಉಳಿಸಿಕೊಂಡು ಬನ್ನಿ, ಕೆಲ್ಪ್ ಚಾವಣಿಯ ಅಡಿಯಿಂದಲೇ ವಾಪಸಾಗಲು ಬೇಕಾಗುತ್ತದೆ. ಮೇಲೆ ಏಳುವಾಗ ಒಂದು ಕೈ ಮೇಲೆತ್ತಿ ಎಲೆಗಳನ್ನು ಸರಿಸಿ ಕಿಂಡಿ ಮಾಡಿಕೊಳ್ಳಿ.

ಹೊಸಬರಿಗೆ ನನ್ನ ಮತ ಶೋರ್ಸ್ ಕಡೆಗೆ. ಮರಳಿನ ಇಳಿಜಾರು, ಕಲಿಸುವವರೆಲ್ಲ ಅಲ್ಲೇ ಇರುತ್ತಾರೆ. ಆದರೆ ಅಲ್ಲಿ ದಡದಿಂದ ಹೆಚ್ಚು ದೂರವಿಲ್ಲದೆ ಕಡಲ ಕಣಿವೆ ಶುರುವಾಗುತ್ತದೆ, ಅಂಚು ದಾಟಿದರೆ ಆಳ ಸರಸರ ಬೀಳುತ್ತದೆ. ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್. ಕೆಳಗೆ ಏನೋ ಕಾಣುತ್ತಿದೆ ಅಂತ ಅಂಚಿನಾಚೆ ಇಳಿಯಬೇಡಿ, ಆಳ ತೋರಿಸುವ ಡೈವ್ ಕಂಪ್ಯೂಟರ್ ಕಡೆ ಕಣ್ಣಿರಲಿ.

ಮತ್ತೆ ವಿಮಾನ. ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಳೆದೇ ವಿಮಾನ ಹತ್ತಬೇಕು. ಟಿಕೆಟ್ ಮಾಡುವಾಗಲೇ ಈ ಲೆಕ್ಕ ಹಾಕಿ, ಡೈವಿಂಗನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಿ.

ಬರೀ ಈಜುವವರಿಗೆ

ಕೋವ್ ಹಳೆಯ ಈಜುಗಾರರ ಅಡ್ಡೆ. ಲಾ ಹೋಯಾ ರಫ್ ವಾಟರ್ ಸ್ವಿಮ್ ಎಂಬ ಸ್ಪರ್ಧೆ ಇಲ್ಲಿ ಶುರುವಾದದ್ದು 1916ರಲ್ಲಿ. ಬೆಳಿಗ್ಗೆ ಬೇಗ ಹೋದರೆ ಗಾಳಿ ಏಳುವ ಮುಂಚೆ ಬಣ್ಣದ ಟೋಪಿಗಳು ಸಾಲಾಗಿ ಹೋಗುವುದು ಕಾಣುತ್ತದೆ. ಬಣ್ಣದ ಟೋಪಿ ನೀವೂ ಹಾಕಿ, ಲೈಫ್‌ಗಾರ್ಡ್ ಕಣ್ಣಿಗೆ ಬೀಳಬೇಕಲ್ವಾ. ಈಜುಕೊಳದಲ್ಲಿ ಒಂದು ಕಿಲೋಮೀಟರ್ ಆರಾಮಾಗಿ ಈಜುವವರು ಇಲ್ಲಿ ಅದರ ಅರ್ಧಕ್ಕೆ ತಯಾರಾಗಿ. ಹಿಡಿಯಲು ಗೋಡೆ ಇರೋದಿಲ್ಲ.

ನೀರಿಗೆ ಇಳಿಯದವರು ಜೊತೆಗಿದ್ದರೆ

ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಸ್ಕ್ರಿಪ್ಸ್ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ ಕೂರಿಸಿ. ಬೆಂಚುಗಳಿವೆ, ಶೌಚಾಲಯ ಹತ್ತಿರದಲ್ಲೇ ಇದೆ, ಎದುರಿಗೆ ಪೆಲಿಕನ್‌ಗಳು ಸಾಲಾಗಿ ಹಾರುತ್ತವೆ. ಬಿಸಿಲಿದ್ದರೂ ಗಾಳಿ ಚಳಿ, ಸ್ವೆಟರ್ ಕೊಟ್ಟಿರಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದರೆ ಡಬ್ಬಿಯ ಮುಚ್ಚಳ ಗಟ್ಟಿಯಾಗಿರಲಿ, ಇಲ್ಲಿನ ಕಡಲಕಾಗೆಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಚಿಕ್ಕ ಮಕ್ಕಳು ನೀರಾಟ ಆಡಬೇಕಿದ್ದರೆ ಶೋರ್ಸ್ ಸರಿ. ಅಲ್ಲಿನ ಕೆಲಾಗ್ ಪಾರ್ಕಿನಲ್ಲಿ ನೀರೊಳಗಿನ ಕಣಿವೆ, ಮೀನುಗಳನ್ನೆಲ್ಲ ನೆಲದ ಮೇಲೆ ದೊಡ್ಡ ನಕ್ಷೆಯಾಗಿ ಬಿಡಿಸಿದ್ದಾರೆ. ಮಕ್ಕಳು ಅದರ ಮೇಲೇ ಓಡಾಡಬಹುದು.

ಮುಗಿಸಿ ಬರುವಾಗ

ಮೈ ನಡುಗುವ ಮುಂಚೆಯೇ ಹೊರಗೆ ಬನ್ನಿ, ನಡುಗಲು ಶುರುವಾದ ಮೇಲಲ್ಲ. ಬೆರಳು ಮರಗಟ್ಟಿದರೆ ಸೂಟಿನ ಜಿಪ್ ಎಳೆಯಲೂ ಆಗೋದಿಲ್ಲ. ಪಾರ್ಕಿನ ಶವರ್‌ನಲ್ಲಿ ಉಪ್ಪು ತೊಳೆದು, ಫ್ಲಾಸ್ಕಿನಲ್ಲಿ ತಂದ ಕಾಫಿ ಕುಡಿಯಿರಿ. ಬಾಡಿಗೆ ಸಾಮಾನನ್ನು ಸಿಹಿನೀರಿನಲ್ಲಿ ಜಾಲಿಸಿಯೇ ಹಿಂದಿರುಗಿಸಿ. ನೀರಿನಿಂದ ಬಂದವರಿಗೆ ಹಸಿವು ಜೋರು. ವಿಲೇಜ್‌ನ ಹೋಟೆಲುಗಳು ದುಬಾರಿ. ಸುಮಾರು ಅರ್ಧ ಗಂಟೆ ಗಾಡಿ ಓಡಿಸಿ ಮೀರಾ ಮೆಸಾದ ಬ್ಲ್ಯಾಕ್ ಮೌಂಟನ್ ರೋಡ್‌ಗೆ ಹೋದರೆ ಭಾರತೀಯ ಅಂಗಡಿ, ಹೋಟೆಲುಗಳ ಸಾಲೇ ಇದೆ, ದೋಸೆ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಅಲ್ಲೂ ಸಾಲು ನಿಲ್ಲಬೇಕು.